ಕರಟದ ಇದ್ದಿಲು ಮತ್ತು ರೇಷ್ಮೆ ಬಣ್ಣದ ನೀರು: ನನ್ನ ಅನುಭವ

ಮೆಥಿಲೀನ್ ಬ್ಲೂ ಅನ್ನೋ ನೀಲಿ ಬಣ್ಣವನ್ನು ನೀರಿನಿಂದ ತೆಗೆಯುವುದು ದೊಡ್ಡ ಕೆಲಸವೇನಲ್ಲ. ಟೀ ಸೋಸಿ ಉಳಿದ ಪುಡಿ ಹಾಕಿದರೂ ಹೋಗುತ್ತೆ. ಮರದ ಹೊಟ್ಟು ಹಾಕಿದರೂ ಹೋಗುತ್ತೆ. ಕೆರೆಯ ಜೇಡಿಮಣ್ಣಿಗಂತೂ ಬಿಡಿಸಿದರೂ ಬಿಡದ ಹಾಗೆ ಅಂಟಿಕೊಳ್ಳುತ್ತೆ. ಹಾಗಿದ್ದರೂ ಪ್ರತಿ ವರ್ಷ ಈ ಒಂದು ಬಣ್ಣದ ಮೇಲೆ ರಾಶಿ ರಾಶಿ ಸಂಶೋಧನಾ ಲೇಖನಗಳು ಬರುತ್ತವೆ. ಅದರಲ್ಲಿ ನನ್ನವೂ ಇವೆ.

ನಾನು ತುಮಕೂರಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಪಾಠ ಮುಗಿದ ಮೇಲೆ ಲ್ಯಾಬು. ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುವ ಪುಡಿಗಳನ್ನು ಮಾಡುವುದು, ಅವು ಬಣ್ಣ ಹಿಡಿಯುತ್ತವಾ, ರಾಸಾಯನಿಕ ಕ್ರಿಯೆಗಳನ್ನು ಚುರುಕು ಮಾಡುತ್ತವಾ ಎಂದು ನೋಡುವುದು ನನ್ನ ಸಂಶೋಧನೆ. ಅದನ್ನು ಹೇಗೆ ಮಾಡುತ್ತಾ ಬಂದೆ ಎಂದು ಇಲ್ಲಿ ಬರೆದಿದ್ದೇನೆ. ಜರ್ನಲ್‌ಗಳಲ್ಲಿ ಜಾಗ ಸಿಗದ ಸಂಗತಿಗಳೇ ಇದರಲ್ಲಿ ಜಾಸ್ತಿ. ಎಂ.ಎಸ್ಸಿ. ಪ್ರಾಜೆಕ್ಟಿಗೆ ಇದೇ ವಿಷಯ ಆರಿಸಿಕೊಂಡ ಮಕ್ಕಳಿಗೆ ಉಪಯೋಗವಾದೀತು.

ಕರಟದಿಂದ ಶುರು ಮಾಡಿದ್ದಕ್ಕೆ ಕಾರಣ ಸರಳ. ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಬರವಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಗುಬ್ಬಿ, ಎಲ್ಲಿ ನೋಡಿದರೂ ತೆಂಗು. ಉಂಡೆ ಕೊಬ್ಬರಿಗೆಂದು ಕಾಯಿಗಳನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಇಟ್ಟು ಒಣಗಿಸುತ್ತಾರೆ. ಒಳಗಿನ ಕೊಬ್ಬರಿ ಕರಟ ಬಿಟ್ಟು ಗಡಗಡ ಅನ್ನಬೇಕು. ಆಮೇಲೆ ಸುಲಿದು, ಕರಟ ಒಡೆದು ತೆಗೆಯುತ್ತಾರೆ. ಹಾಗೆ ಬಂದ ಕರಟ ಚೆನ್ನಾಗಿ ಒಣಗಿ, ಕಲ್ಲಿನಷ್ಟು ಗಟ್ಟಿಯಾಗಿರುತ್ತೆ. ಒಂದಷ್ಟು ನೀರೊಲೆಗೆ ಹೋಗುತ್ತೆ, ಉಳಿದದ್ದು ಇದ್ದಿಲು ಸುಡುವವರಿಗೆ. ಅದರಲ್ಲಿ ಬೂದಿ ಕಡಿಮೆ. ಅದರ ಇದ್ದಿಲು ಬೇಗ ಪುಡಿಪುಡಿ ಆಗಲ್ಲ. ಮನೆಯ ನೀರಿನ ಫಿಲ್ಟರಿನಲ್ಲಿ ಇರುವ ಕಪ್ಪು ಹರಳುಗಳು ಬಹುಪಾಲು ಇದೇ.

ಆದರೆ ಒಲೆಯಿಂದ ತೆಗೆದ ಇದ್ದಿಲು ಹಾಗೇ ಕೆಲಸಕ್ಕೆ ಬರುವುದಿಲ್ಲ. ಅದರ ತೂತುಗಳು ಟಾರಿನಿಂದ ಮುಚ್ಚಿಹೋಗಿರುತ್ತವೆ. ಅವುಗಳನ್ನು ತೆರೆಯಬೇಕು. ನಾನು ಹಿಡಿದ ದಾರಿ ಫಾಸ್ಫಾರಿಕ್ ಆಸಿಡ್‌ನದು. ಕರಟದ ನಾರು, ಕೊಬ್ಬರಿಯ ಚೂರು ಎಲ್ಲ ಕೆರೆದು ತೊಳೆದು, ಬಿಸಿಲಿಗೆ ಒಣಗಿಸಿ, ಕುಟ್ಟಿ, ಜರಡಿ ಹಿಡಿಯಬೇಕು. ತೂಕಕ್ಕೆ ಸಮ, ಇಲ್ಲವೇ ಎರಡರಷ್ಟು ಆಸಿಡ್ ಸೇರಿಸಿ ನೆನೆಸಬೇಕು. ರಾತ್ರಿಯಿಡೀ 110 ಡಿಗ್ರಿ ಓವನ್‌ನಲ್ಲಿಟ್ಟು, ಮುಚ್ಚಳವಿರುವ ಕ್ರೂಸಿಬಲ್‌ಗೆ ತುಂಬಿ, ಮಫಲ್ ಫರ್ನೇಸ್‌ನಲ್ಲಿ 450ರಿಂದ 500 ಡಿಗ್ರಿಯಲ್ಲಿ ಒಂದೆರಡು ಗಂಟೆ ಸುಡಬೇಕು. ಕೆಓಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ಬಳಸುವವರು 700ರಿಂದ 800 ಡಿಗ್ರಿವರೆಗೂ ಹೋಗುತ್ತಾರೆ. ತೂತುಗಳು ಇನ್ನೂ ಜಾಸ್ತಿ ಬರುತ್ತವೆ, ನಿಜ. ಆದರೆ ಅದಕ್ಕೆ ನೈಟ್ರೋಜನ್ ಹರಿಯುವ ಟ್ಯೂಬ್ ಫರ್ನೇಸ್ ಬೇಕು, ಕರೆಂಟು ಕೈಕೊಡಬಾರದು. ನಮ್ಮ ಲ್ಯಾಬಿಗೆ ಅದು ಆಗುವ ಮಾತಲ್ಲ.

ಸುಟ್ಟ ಮೇಲೆ ತೊಳೆಯುವ ಕೆಲಸ ಇದೆಯಲ್ಲ, ಅದರ ಬಗ್ಗೆ ಯಾರೂ ಬರೆಯುವುದಿಲ್ಲ. ಬಿಸಿ ಡಿಸ್ಟಿಲ್ಡ್ ವಾಟರ್ ಹಾಕಿ ಹಾಕಿ, ಸೋಸಿ ಸೋಸಿ, ಪಿಎಚ್ ಆರರ ಮೇಲೆ ಬರುವವರೆಗೂ ತೊಳೆಯಬೇಕು. ತೊಳೆದ ನೀರಲ್ಲಿ ಫಾಸ್ಫೇಟ್ ಇರುತ್ತೆ. ಒಂದು ಹಿಡಿ ಇದ್ದಿಲಿಗೆ ಎಷ್ಟು ನೀರು ಖರ್ಚಾಯಿತು ಎಂದು ಒಮ್ಮೆ ಅಳೆದು ನೋಡಿ. 'ಅಗ್ಗದ, ಪರಿಸರಸ್ನೇಹಿ' ಎಂದು ಬರೆಯುವ ಮುಂಚೆ ಸ್ವಲ್ಪ ಯೋಚನೆ ಬರುತ್ತೆ.

ತೂತುಗಳ ಲೆಕ್ಕಕ್ಕೆ ಬರೋಣ. ಎರಡು ನ್ಯಾನೋಮೀಟರಿಗಿಂತ ಕಿರಿದಾದರೆ ಮೈಕ್ರೋಪೋರ್. ಎರಡರಿಂದ ಐವತ್ತಾದರೆ ಮೀಸೋಪೋರ್. ಅದಕ್ಕಿಂತ ದೊಡ್ಡದು ಮ್ಯಾಕ್ರೋಪೋರ್. ಒಳ್ಳೆಯ ಕರಟದ ಇದ್ದಿಲಿನ ಒಂದು ಗ್ರಾಂನಲ್ಲಿ ಸಾವಿರ ಚದರ ಮೀಟರ್ ಮೇಲ್ಮೈ ಇರಬಹುದು. ಕ್ಲಾಸಿನಲ್ಲಿ ಹೀಗೆ ಹೇಳಿದರೆ ಯಾರ ಮುಖದಲ್ಲೂ ಏನೂ ಕಾಣಲ್ಲ. ಹತ್ತು ಗುಂಟೆ ಜಮೀನು ಅಂದರೆ ತಕ್ಷಣ ತಲೆ ಎತ್ತುತ್ತಾರೆ. ಅಷ್ಟು ಜಾಗ ಒಂದು ಚಿಟಿಕೆ ಪುಡಿಯೊಳಗೆ.

ಇದನ್ನು ಅಳೆಯುವ ವಿಧಾನಕ್ಕೆ ಬಿಇಟಿ ಎಂದು ಹೆಸರು. ಬ್ರೂನೌರ್, ಎಮ್ಮೆಟ್, ಟೆಲ್ಲರ್ ಎಂಬ ಮೂವರು 1938ರಲ್ಲಿ ಕೊಟ್ಟ ಲೆಕ್ಕ ಅದು. ಪುಡಿಯನ್ನು ದ್ರವ ನೈಟ್ರೋಜನ್‌ನ ತಂಪಿನಲ್ಲಿ, ಅಂದರೆ ಮೈನಸ್ 196 ಡಿಗ್ರಿಯಲ್ಲಿ ಇಟ್ಟು, ಎಷ್ಟು ನೈಟ್ರೋಜನ್ ಒಳಗೆ ಹಿಡಿಯುತ್ತೆ ಎಂದು ನೋಡುತ್ತಾರೆ. ಆ ಯಂತ್ರ ನಮ್ಮಲ್ಲಿಲ್ಲ. ಸ್ಯಾಂಪಲ್ ಬೆಂಗಳೂರಿಗೆ ಹೋಗುತ್ತೆ. ದುಡ್ಡು ಕಟ್ಟಿ ಸರದಿಗೆ ಕಾಯಬೇಕು. ಹಾಗಾಗಿ ಮಾಡಿದ ಪ್ರತಿ ಬ್ಯಾಚನ್ನೂ ಕಳಿಸುವುದು ಆಗುವುದಿಲ್ಲ.

ಅದಕ್ಕೆ ನಾನು ನೆಚ್ಚಿಕೊಂಡದ್ದು ಹಳೆಯ ಅಯೋಡಿನ್ ಪರೀಕ್ಷೆ. ಅಳತೆ ಮಾಡಿದ ಇದ್ದಿಲಿಗೆ ಅಯೋಡಿನ್ ದ್ರಾವಣ ಹಾಕಿ ಅಲುಗಾಡಿಸಿ, ಸೋಸಿ, ಉಳಿದ ಅಯೋಡಿನ್ ಎಷ್ಟು ಎಂದು ಥಯೋಸಲ್ಫೇಟ್‌ನಲ್ಲಿ ಟೈಟ್ರೇಷನ್ ಮಾಡುವುದು. ಪಿಯುಸಿ ಮಕ್ಕಳೂ ಮಾಡಬಲ್ಲ ಕೆಲಸ. ಅಯೋಡಿನ್ ಅಣು ಚಿಕ್ಕದು, ಕಿರಿದಾದ ತೂತಿಗೂ ನುಗ್ಗುತ್ತೆ. ಮೆಥಿಲೀನ್ ಬ್ಲೂ ಅದಕ್ಕಿಂತ ದೊಡ್ಡದು, ಅಗಲದ ತೂತು ಬೇಕು. ಒಂದೇ ಪುಡಿಗೆ ಎರಡನ್ನೂ ಮಾಡಿ ಪಕ್ಕಪಕ್ಕ ಇಟ್ಟರೆ ತೂತುಗಳು ಎಂಥವು ಎಂದು ಅಂದಾಜು ಸಿಗುತ್ತೆ. ಅಯೋಡಿನ್ ಜಾಸ್ತಿ, ಬ್ಲೂ ಕಡಿಮೆ ಹಿಡಿದರೆ ಬರೀ ಮೈಕ್ರೋಪೋರ್. ಆಸಿಡ್ ಪ್ರಮಾಣ ಏರಿಸಿದಂತೆ ಬ್ಲೂ ಏರುತ್ತಾ ಹೋಗುತ್ತೆ, ತೂತುಗಳು ಅಗಲ ಆಗುತ್ತಿವೆ ಎಂದರ್ಥ. ಬೆಂಗಳೂರಿಂದ ಬಂದ ಗ್ರಾಫ್‌ಗಳೂ ಇದನ್ನೇ ಹೇಳಿದವು. ಅಲ್ಲಿಂದ ಮುಂದೆ ಆಯ್ದ ಬ್ಯಾಚುಗಳನ್ನು ಮಾತ್ರ ಕಳಿಸುತ್ತಾ ಬಂದೆ. ಇನ್ನೊಂದು ಮಾತು. ಬರೀ ಮೈಕ್ರೋಪೋರ್ ಇರುವ ಇದ್ದಿಲಿಗೆ ಬಿಇಟಿ ಕೊಡುವ ಅಂಕಿಯನ್ನು ನಿಜವಾದ ಮೇಲ್ಮೈ ಎಂದು ನಂಬಬೇಡಿ. ಒಂದು ಪುಡಿಯನ್ನು ಇನ್ನೊಂದರ ಜೊತೆ ಹೋಲಿಸಿ ನೋಡಲು ಅದು ಸಾಕು.

ಬಣ್ಣ ಅಳೆಯುವುದರಲ್ಲೂ ಸಣ್ಣಪುಟ್ಟ ಉಪಾಯಗಳಿವೆ. ಮೆಥಿಲೀನ್ ಬ್ಲೂ 664 ನ್ಯಾನೋಮೀಟರಿನಲ್ಲಿ ಬೆಳಕನ್ನು ಜೋರಾಗಿ ಹೀರುತ್ತೆ. ಲೀಟರಿಗೆ 10 ಮಿಲಿಗ್ರಾಂ ಇದ್ದರೇ ಅಬ್ಸಾರ್ಬೆನ್ಸ್ (ಬೆಳಕು ಎಷ್ಟು ಹೀರಿತು ಎಂಬ ಅಂಕಿ) ಎರಡು ದಾಟುತ್ತೆ. ಅಲ್ಲಿ ಸ್ಪೆಕ್ಟ್ರೋಫೋಟೋಮೀಟರ್ ಹೇಳುವುದನ್ನು ನೆಚ್ಚಲಾಗದು. ಜೊತೆಗೆ ಅಣುಗಳು ಜೋಡಿ ಕಟ್ಟಿಕೊಳ್ಳಲು ಶುರು ಮಾಡುತ್ತವೆ, ಗ್ರಾಫು ಬಾಗುತ್ತೆ. ಹಾಗಾಗಿ ತೆಳು ಮಾಡಿಯೇ ಅಳೆಯಬೇಕು. ಎರಡನೆಯದು ಫಿಲ್ಟರ್ ಪೇಪರ್. ಪುಡಿ ಬೇರೆ ಮಾಡಲು ಎಲ್ಲರೂ ಅದರಲ್ಲೇ ಸೋಸುತ್ತಾರೆ. ಆದರೆ ಪೇಪರ್ ಅಂದರೆ ಸೆಲ್ಯುಲೋಸ್, ಅದೇ ಬಣ್ಣ ಹಿಡಿದುಕೊಳ್ಳುತ್ತೆ. ಪುಡಿ ಹಾಕದ ಬರೀ ಬಣ್ಣದ ನೀರನ್ನು ಸೋಸಿ ನೋಡಿ, ಪೇಪರು ನೀಲಿ ಆಗಿರುತ್ತೆ, ಕೆಳಗಿನ ನೀರು ತೆಳುವಾಗಿರುತ್ತೆ. ಇದ್ದಿಲು ಮಾಡದ ಕೆಲಸದ ಹೆಸರು ಇದ್ದಿಲಿಗೆ ಬರುತ್ತೆ. ನಮ್ಮ ಲ್ಯಾಬಿನಲ್ಲಿ ಸೆಂಟ್ರಿಫ್ಯೂಜ್ ಬಿಟ್ಟು ಬೇರೆ ಮಾತಿಲ್ಲ.

ಶೇಕಡಾ ಲೆಕ್ಕ ಇನ್ನೊಂದು ಕಣ್ಕಟ್ಟು. ಲೀಟರಿಗೆ 10 ಮಿಲಿಗ್ರಾಂ ಬಣ್ಣವಿರುವ 100 ಎಂಎಲ್ ನೀರು ತಗೊಳ್ಳಿ. ಅದರಲ್ಲಿರುವ ಒಟ್ಟು ಬಣ್ಣ ಒಂದೇ ಮಿಲಿಗ್ರಾಂ. ಅದಕ್ಕೆ 0.1 ಗ್ರಾಂ ಪುಡಿ ಹಾಕಿ ಪೂರ್ತಿ ತೆಗೆದರೂ ಗ್ರಾಂಗೆ 10 ಮಿಲಿಗ್ರಾಂ ಅಷ್ಟೆ. 'ಶೇ. 99ರಷ್ಟು ಬಣ್ಣ ಹೋಯಿತು' ಎಂದು ಲೇಖನದ ತಲೆಬರಹದಲ್ಲೇ ಹಾಕಬಹುದು, ಓದಿದವರು ಬೆರಗಾಗಲೂಬಹುದು. ಆದರೆ ಅದೇ ಪುಡಿಗೆ ಜಾಸ್ತಿ ಬಣ್ಣ ಕೊಟ್ಟರೆ ಎಲ್ಲಿ ಸುಸ್ತಾಗುತ್ತೆ ಎನ್ನುವುದು ಮುಖ್ಯ. ಲ್ಯಾಂಗ್‌ಮ್ಯೂರ್ ಕರ್ವ್ (ಬಣ್ಣ ಏರಿಸಿದಂತೆ ಪುಡಿ ಎಷ್ಟು ಹಿಡಿಯುತ್ತೆ ಎಂದು ತೋರಿಸುವ ಗೆರೆ) ಬರೆಯುವುದು ಅದಕ್ಕಾಗಿಯೇ. ಬಣ್ಣ ಹಿಡಿಯುವ ವೇಗಕ್ಕೆ ಹಾಕುವ ಸ್ಯೂಡೋ ಸೆಕೆಂಡ್ ಆರ್ಡರ್ ಸಮೀಕರಣದ ಬಗ್ಗೆ ಕೇಳಲೇಬೇಡಿ. ಯಾವ ಡೇಟಾ ಕೊಟ್ಟರೂ, ಸಮೀಕರಣ ಎಷ್ಟು ಹೊಂದಿತು ಎಂದು ಹೇಳುವ ಅಂಕಿ 0.99 ಬರುತ್ತೆ (1 ಬಂದರೆ ಪೂರ್ತಿ ಹೊಂದಿದಂತೆ). ಅರ್ಧಕ್ಕಿಂತ ಜಾಸ್ತಿ ಚುಕ್ಕೆಗಳು ಬಣ್ಣ ಹಿಡಿದು ಮುಗಿದ ಮೇಲಿನವು, ಬಾರದೆ ಏನು ಮಾಡುತ್ತೆ?

ಇಷ್ಟೆಲ್ಲ ಸರಿಮಾಡಿಕೊಂಡ ಮೇಲೆ ನನ್ನ ಕರಟದ ಇದ್ದಿಲು ಮೆಥಿಲೀನ್ ಬ್ಲೂಗೆ ಚೆನ್ನಾಗಿಯೇ ಕೆಲಸ ಮಾಡಿತು. ಆಗ ಒಬ್ಬ ವಿದ್ಯಾರ್ಥಿನಿ ಕೇಳಿದಳು, 'ಮೇಡಂ, ನಮ್ಮ ಚಿಕ್ಕಪ್ಪ ರೇಷ್ಮೆಗೆ ಬಣ್ಣ ಹಾಕ್ತಾರೆ. ಆ ನೀರು ತಂದುಕೊಡ್ಲಾ?' ಅವಳ ಊರು ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆ. ರೇಷ್ಮೆ ಸೀರೆ ನೇಯುವವರ ಊರು. ತರುವುದೇನು, ನಾನೇ ಜೊತೆಗೆ ಹೋದೆ. ಕೊರಟಗೆರೆ, ಮಧುಗಿರಿ ದಾಟಿ ಬಸ್ಸಿನಲ್ಲಿ ಒಳ್ಳೆ ದೂರದ ದಾರಿ. ಅವಳ ಚಿಕ್ಕಪ್ಪ, 'ತಗಂಡು ಹೋಗಿ ಮೇಡಂ, ಹೆಂಗಿದ್ರೂ ಚೆಲ್ಲೋ ನೀರು' ಎಂದು ನಕ್ಕರು. ಎರಡು ಕ್ಯಾನ್ ತುಂಬಿಸಿಕೊಂಡೆ. ಅದನ್ನು ಬಸ್ಸಿನಲ್ಲಿ ತರುವಾಗ ಸುತ್ತಮುತ್ತ ಕೂತವರು ಮೂಗು ಮುಚ್ಚಿಕೊಂಡರು. ಯಾಕೆ ಎನ್ನುವುದು ಮುಂದೆ ಬರುತ್ತೆ.

ಆ ನೀರಿಗೆ ನನ್ನ ಇದ್ದಿಲು ಹಾಕಿದರೆ ಬಣ್ಣ ಇದ್ದಲ್ಲೇ ಇತ್ತು. ಜಾಸ್ತಿ ಹಾಕಿದೆ, ಜಾಸ್ತಿ ಹೊತ್ತು ಅಲುಗಾಡಿಸಿದೆ. ಸ್ವಲ್ಪ ತೆಳುವಾಯಿತು, ಅಷ್ಟೆ.

ಕಾರಣಗಳು ಒಂದಲ್ಲ. ಮೊದಲನೆಯದು ಚಾರ್ಜು. ಮೆಥಿಲೀನ್ ಬ್ಲೂ ಅಣುವಿಗೆ ಪಾಸಿಟಿವ್ ಚಾರ್ಜ್ ಇದೆ. ರೇಷ್ಮೆಗೆ ಹಾಕುವುದು ಆಸಿಡ್ ಡೈ. ಅದರಲ್ಲಿ ಸಲ್ಫೋನೇಟ್ ಗುಂಪು ಇರುತ್ತೆ, ಚಾರ್ಜು ನೆಗೆಟಿವ್. ಫಾಸ್ಫಾರಿಕ್ ಆಸಿಡ್‌ನಿಂದ ಮಾಡಿದ ಇದ್ದಿಲಿನ ಮೇಲ್ಮೈ ಕೂಡ ಸಾಮಾನ್ಯ ನೀರಿನಲ್ಲಿ ನೆಗೆಟಿವ್. ಚಾರ್ಜು ಸೊನ್ನೆ ಆಗುವ ಪಿಎಚ್ ಎಷ್ಟು ಎಂದು ಅಳೆದರೆ ಇದು ತಿಳಿಯುತ್ತೆ. ಅದರ ಕೆಳಗೆ ಪುಡಿ ಪಾಸಿಟಿವ್, ಮೇಲೆ ನೆಗೆಟಿವ್. ನನ್ನ ಇದ್ದಿಲಿಗೆ ಆ ಅಂಕಿ ತುಂಬಾ ಕೆಳಗಿತ್ತು. ಮೆಥಿಲೀನ್ ಬ್ಲೂ ಅಷ್ಟು ಚೆನ್ನಾಗಿ ಅಂಟಿಕೊಂಡಿದ್ದೂ ಇದೇ ಕಾರಣಕ್ಕೆ, ಆಸಿಡ್ ಡೈ ದೂರ ಉಳಿದದ್ದೂ ಇದೇ ಕಾರಣಕ್ಕೆ.

ಎರಡನೆಯದು ಸೆರಿಸಿನ್. ರೇಷ್ಮೆ ಎಳೆಯ ಮೇಲೆ ಅಂಟಿನ ಹಾಗೆ ಇರುವ ಪ್ರೋಟೀನು. ಕಚ್ಚಾ ರೇಷ್ಮೆಯ ತೂಕದಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಅದೇ. ಬಣ್ಣ ಹಾಕುವ ಮುಂಚೆ ಸೋಪು, ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಕುದಿಸಿ ಅದನ್ನು ತೆಗೆಯುತ್ತಾರೆ. ಆ ನೀರೂ ಬಣ್ಣದ ನೀರೂ ಒಂದೇ ಮೋರಿಗೆ ಬೀಳುತ್ತಿತ್ತು. ಬಸ್ಸಿನಲ್ಲಿ ನಾರಿದ್ದು ಆ ಪ್ರೋಟೀನು ಕೊಳೆತು. ಸೋಪು, ಸೆರಿಸಿನ್ ಎರಡೂ ಇದ್ದಿಲಿನ ತೂತುಗಳ ಬಾಯಿಗೇ ಹೋಗಿ ಕೂರುತ್ತವೆ. ಸೋಡಾದಿಂದ ಪಿಎಚ್ ಬೇರೆ ಏರಿರುತ್ತೆ, ಇದ್ದಿಲು ಇನ್ನಷ್ಟು ನೆಗೆಟಿವ್ ಆಗುತ್ತೆ. ಆ ಕ್ಯಾನ್‌ನಲ್ಲಿ ಇದ್ದದ್ದೂ ಒಂದು ಬಣ್ಣವಲ್ಲ. ಕೆಂಪು, ಅರಿಶಿನ, ಗಿಳಿಹಸಿರು ಎಲ್ಲ ಸೇರಿ ಒಂಥರಾ ಕಂದು. ಯಾವ ತರಂಗಾಂತರದಲ್ಲಿ ಅಳೆಯೋದು? ಇಂಥ ನೀರಿಗೆ 436, 525, 620 ನ್ಯಾನೋಮೀಟರ್, ಈ ಮೂರರಲ್ಲಿ ಅಳೆಯುವ ಪದ್ಧತಿ ಇದೆ. ಸೋಪಿನ ಮಬ್ಬು ಬಣ್ಣದ ಲೆಕ್ಕಕ್ಕೆ ಸೇರದ ಹಾಗೆ 0.45 ಮೈಕ್ರಾನ್ ಮೆಂಬ್ರೇನ್‌ನಲ್ಲಿ ಮೊದಲು ಸೋಸಬೇಕು.

ನೆಗೆಟಿವ್ ಬಣ್ಣ ಹಿಡಿಯಲು ಪಾಸಿಟಿವ್ ಪುಡಿ ಬೇಕು. ಹೈಡ್ರೋಟಾಲ್ಸೈಟ್ ಎಂಬ ಪದರ ಪದರವಾದ ವಸ್ತು ಇದೆ. ಮೆಗ್ನೀಸಿಯಂ, ಅಲ್ಯೂಮಿನಿಯಂ ಹೈಡ್ರಾಕ್ಸೈಡಿನ ಪದರಗಳು. ಆ ಪದರಗಳಿಗೆ ಪಾಸಿಟಿವ್ ಚಾರ್ಜು. ನಡುವೆ ಕಾರ್ಬೊನೇಟ್, ನೀರು ಇರುತ್ತವೆ. ಮಾಡುವುದು ಕಷ್ಟವಲ್ಲ, ತಾಳ್ಮೆ ಬೇಕು. ಮೆಗ್ನೀಸಿಯಂ ಮೂರು ಪಾಲು, ಅಲ್ಯೂಮಿನಿಯಂ ಒಂದು ಪಾಲು ನೈಟ್ರೇಟ್ ದ್ರಾವಣ ಒಂದು ಕಡೆ. ಕಾಸ್ಟಿಕ್ ಸೋಡಾ, ಸೋಡಿಯಂ ಕಾರ್ಬೊನೇಟ್ ದ್ರಾವಣ ಇನ್ನೊಂದು ಕಡೆ. ಎರಡನ್ನೂ ಹನಿಹನಿಯಾಗಿ ಒಂದೇ ಬೀಕರಿಗೆ ಬಿಡುತ್ತಾ ಪಿಎಚ್ ಹತ್ತರ ಸುತ್ತ ಹಿಡಿದಿಡಬೇಕು. ಬಿಳಿ ಗಂಜಿ ಬರುತ್ತೆ. ಅದನ್ನು 65 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಟ್ಟು, ತೊಳೆದು, ಒಣಗಿಸಬೇಕು.

ಇದನ್ನು 450ರಿಂದ 500 ಡಿಗ್ರಿಗೆ ಸುಟ್ಟರೆ ನೀರೂ ಕಾರ್ಬೊನೇಟೂ ಹಾರಿಹೋಗಿ ಪದರಗಳು ಕುಸಿಯುತ್ತವೆ. ಮಿಕ್ಕಿದ್ದು ತೂತುಗಳಿರುವ ಆಕ್ಸೈಡ್ ಪುಡಿ. ನನಗೆ ಈ ಇಡೀ ಕೆಲಸದಲ್ಲಿ ಅತಿ ಇಷ್ಟವಾದ ಸಂಗತಿ ಇಲ್ಲಿದೆ. ಆ ಪುಡಿಯನ್ನು ನೀರಿಗೆ ಹಾಕಿದರೆ ಪದರಗಳು ಮತ್ತೆ ಕಟ್ಟಿಕೊಳ್ಳುತ್ತವೆ. ಕಟ್ಟಿಕೊಳ್ಳುವಾಗ ಕಳೆದುಹೋದ ಕಾರ್ಬೊನೇಟಿನ ಜಾಗಕ್ಕೆ ನೀರಿನಲ್ಲಿ ಸಿಕ್ಕ ನೆಗೆಟಿವ್ ಅಣುಗಳನ್ನು ಎಳೆದುಕೊಳ್ಳುತ್ತವೆ. ಮೆಮೊರಿ ಎಫೆಕ್ಟ್ ಎನ್ನುತ್ತಾರೆ ಇದಕ್ಕೆ. ಡಿಸ್ಟಿಲ್ಡ್ ವಾಟರಿನಲ್ಲಿ ಕರಗಿಸಿದ ಆಸಿಡ್ ಡೈಗೆ ಹಾಕಿದಾಗ ಬೀಕರಿನ ತಳದಲ್ಲಿ ಬಿಳಿ ಪುಡಿ ಕಡುಗೆಂಪಾಗಿ ಕೂತಿತ್ತು, ಮೇಲೆ ತಿಳಿನೀರು. ಎಕ್ಸ್‌ಆರ್‌ಡಿಯಲ್ಲಿ (ಹರಳಿನ ರಚನೆ ತೋರಿಸುವ ಎಕ್ಸ್-ರೇ ಪರೀಕ್ಷೆ) ನೋಡಿದರೆ ಸುಟ್ಟಾಗ ಮಾಯವಾಗಿದ್ದ ಪದರದ ಗೆರೆಗಳು ಮತ್ತೆ ಹಾಜರು.

ಡೈಯಿಂಗ್ ಶೆಡ್ಡಿನವರು ಡಿಸ್ಟಿಲ್ಡ್ ವಾಟರ್ ಬಳಸುತ್ತಾರಾ? ಬೋರ್‌ವೆಲ್ ನೀರು. ಆ ಕಡೆಯ ಬೋರ್ ನೀರು ಗಡುಸು, ಬೈಕಾರ್ಬೊನೇಟ್ ತುಂಬಿರುತ್ತೆ. ಪಾವಗಡದ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಎನ್ನುವುದು ಎಲ್ಲರಿಗೂ ಗೊತ್ತು. ಈ ಪದರಗಳ ನಡುವೆ ಜಾಗ ಹಿಡಿಯಲು ಪೈಪೋಟಿ ಇದೆ, ಅದರಲ್ಲಿ ಕಾರ್ಬೊನೇಟೇ ಎಲ್ಲರಿಗಿಂತ ಮುಂದು. ಸಲ್ಫೇಟ್ ಆಮೇಲೆ. ಫ್ಲೋರೈಡ್, ಕ್ಲೋರೈಡ್, ನೈಟ್ರೇಟ್ ಇನ್ನೂ ಹಿಂದೆ. ಹಾಗಾಗಿ ಬೋರ್ ನೀರಿನಲ್ಲಿ ಅದೇ ಪುಡಿಯ ಸಾಮರ್ಥ್ಯ ಸೀದಾ ಕೆಳಗಿಳಿಯಿತು. ಬಣ್ಣ ಬರುವಷ್ಟರಲ್ಲಿ ಕಾರ್ಬೊನೇಟ್ ಕೂತಿರುತ್ತೆ. ಮೇಲಾಗಿ ಪುಡಿ ನೀರಿನ ಪಿಎಚ್ ಅನ್ನು ಹತ್ತರ ಮೇಲಕ್ಕೆ ಒಯ್ಯುತ್ತೆ. ಹೊರಗೆ ಬಿಡುವ ನೀರಿಗೆ ಸಾಮಾನ್ಯ ನಿಯಮ 5.5ರಿಂದ 9.

ಸೋಡಾ ಬೀಳುವ ಮುಂಚಿನ ಬಣ್ಣದ ನೀರು ಮಾತ್ರ ಬೇರೆ ತರಹ ಇರುತ್ತೆ. ರೇಷ್ಮೆಗೆ ಬಣ್ಣ ಹಾಕುವಾಗ ಅಸಿಟಿಕ್ ಆಸಿಡ್ ಸೇರಿಸುತ್ತಾರೆ. ಆ ಹುಳಿಯಲ್ಲಿ ಬೈಕಾರ್ಬೊನೇಟ್ ಗ್ಯಾಸಾಗಿ ಹಾರಿಹೋಗುತ್ತೆ. ಅಂದರೆ ಬಣ್ಣದ ತೊಟ್ಟಿಯ ನೀರನ್ನು ಸೋಪಿನ ನೀರಿನ ಜೊತೆ ಬೆರೆಯಲು ಬಿಡದೆ ನೇರವಾಗಿ ಹಿಡಿದರೆ ಪೈಪೋಟಿಯೂ ಕಡಿಮೆ, ಪಿಎಚ್ ಕೂಡ ಹದಕ್ಕೆ ಬರುತ್ತೆ. ತೀರಾ ಹುಳಿ ಇದ್ದರೆ ಪುಡಿಯೇ ಕರಗಲು ಶುರುವಾಗುತ್ತೆ, ಅದನ್ನು ನೋಡಿಕೊಳ್ಳಬೇಕು. ನಾನು ಮಾಡಿಸಿದ ಮೊದಲ ಸುಧಾರಣೆ ಹಾಗಾಗಿ ಪಿವಿಸಿ ಪೈಪಿನದು. ಎರಡು ಮೋರಿ ಬೇರೆ ಬೇರೆ. ಯಾವ ಪುಡಿ ಬದಲಿಸಿದಾಗಲೂ ಆಗದಷ್ಟು ವ್ಯತ್ಯಾಸ ಅದರಿಂದ ಆಯಿತು. ಇದನ್ನು ಬರೆದರೆ ಯಾವ ಜರ್ನಲ್ ತಗೊಳ್ಳುತ್ತೆ ಹೇಳಿ!

ಇದೇ ಪುಡಿ ಕ್ಯಾಟಲಿಸ್ಟ್ (ಕ್ರಿಯೆಯನ್ನು ಚುರುಕು ಮಾಡುವ ವಸ್ತು) ಕೂಡ ಹೌದು. ಸುಟ್ಟ ಹೈಡ್ರೋಟಾಲ್ಸೈಟ್ ಒಳ್ಳೆಯ ಘನ ಪ್ರತ್ಯಾಮ್ಲ. ಬೆನ್ಜಾಲ್ಡಿಹೈಡ್, ಅಸಿಟೋಫಿನೋನ್ ಸೇರಿಸಿ ಚಾಲ್ಕೋನ್ ಮಾಡುವುದು ಎಂ.ಎಸ್ಸಿ. ಲ್ಯಾಬಿನ ಹಳೆಯ ಪ್ರಯೋಗ. ಸಾಮಾನ್ಯವಾಗಿ ಕಾಸ್ಟಿಕ್ ಸೋಡಾ ಹಾಕುತ್ತಾರೆ. ಅದರ ಬದಲು ಈ ಪುಡಿ ಹಾಕಿ, ಕೊನೆಗೆ ಸೋಸಿ ತೆಗೆದು, ಮತ್ತೆ ಬಳಸಬಹುದು. ನಸು ಹಳದಿ ಹರಳುಗಳು, 55ರಿಂದ 57 ಡಿಗ್ರಿಯಲ್ಲಿ ಕರಗಬೇಕು. ಇಲ್ಲೂ ಎರಡು ಪರೀಕ್ಷೆ ಬಿಡಲೇಬಾರದು. ಒಂದು, ಪುಡಿ ಇಲ್ಲದೆ ಎಷ್ಟು ನಡೆಯುತ್ತೆ ಎಂದು ನೋಡುವುದು. ಇನ್ನೊಂದು, ಅರ್ಧದಲ್ಲಿ ಬಿಸಿಬಿಸಿಯಾಗಿಯೇ ಪುಡಿ ಸೋಸಿ ತೆಗೆದು, ಆಮೇಲೂ ಕ್ರಿಯೆ ಮುಂದುವರಿಯುತ್ತಾ ಎಂದು ನೋಡುವುದು. ಮುಂದುವರಿದರೆ ಪುಡಿಯಿಂದ ಏನೋ ಕರಗಿ ಬಂದಿದೆ, ಕೆಲಸ ಮಾಡುತ್ತಿರುವುದು ಅದು.

ಇಲ್ಲೂ ಶತ್ರು ಕಾರ್ಬೊನೇಟೇ. ಸುಟ್ಟ ಪುಡಿಯನ್ನು ಬೀಕರಿನಲ್ಲಿ ತೆರೆದಿಟ್ಟು ಮನೆಗೆ ಹೋದರೆ ಬೆಳಗಾಗುವಷ್ಟರಲ್ಲಿ ಗಾಳಿಯ ಕಾರ್ಬನ್ ಡೈ ಆಕ್ಸೈಡ್ ಹೀರಿ ಸಪ್ಪೆಯಾಗಿರುತ್ತೆ. ಫರ್ನೇಸಿನಿಂದ ಸೀದಾ ಡೆಸಿಕೇಟರ್ (ತೇವ ಸೇರದ ಹಾಗೆ ಮುಚ್ಚಿಡುವ ಪಾತ್ರೆ), ಅಲ್ಲಿಂದ ಸೀದಾ ಫ್ಲಾಸ್ಕ್. ಹೊಂಗೆ ಎಣ್ಣೆಯಿಂದ ಬಯೋಡೀಸೆಲ್ ಮಾಡಲೂ ಇದನ್ನು ಬಳಸಿ ನೋಡಿದೆವು. ಹೊಂಗೆ ಎಣ್ಣೆಯಲ್ಲಿ ಬಿಡಿ ಫ್ಯಾಟಿ ಆಸಿಡ್ ಜಾಸ್ತಿ, ಅದು ಪುಡಿಯ ಪ್ರತ್ಯಾಮ್ಲವನ್ನು ತಿಂದುಹಾಕುತ್ತೆ. ಮೊದಲು ಆಸಿಡ್ ಕ್ಯಾಟಲಿಸ್ಟ್‌ನಿಂದ ಅದನ್ನು ತಗ್ಗಿಸಿಕೊಂಡು ಆಮೇಲೆ ಇದಕ್ಕೆ ಬರಬೇಕು. ಆ ಕೆಲಸ ಅಷ್ಟಕ್ಕೇ ನಿಂತಿದೆ.

ಹಿಡಿದಿಟ್ಟ ಬಣ್ಣ ಎಲ್ಲೂ ಹೋಗಿರಲ್ಲ, ನೀರಿನಿಂದ ಪುಡಿಗೆ ಬಂದಿರುತ್ತೆ. ಒಡೆದುಹಾಕಲು ಆಗುತ್ತಾ ಎನ್ನುವುದು ಮುಂದಿನ ಪ್ರಶ್ನೆ. ಅದಕ್ಕೆ ಬಿಸಿಲು ಮತ್ತು ಬಿಸಿಲು ಬಿದ್ದಾಗ ಬಣ್ಣದ ಅಣುಗಳನ್ನು ಒಡೆಯುವ ಜಿಂಕ್ ಆಕ್ಸೈಡ್. ಟೈಟಾನಿಯಂ ಡೈ ಆಕ್ಸೈಡ್ ಮೇಲೆ ಬೆಳಕು ಬಿದ್ದರೆ ನೀರು ಒಡೆಯುತ್ತೆ ಎಂದು ಫುಜಿಶಿಮಾ, ಹೊಂಡಾ 1972ರಲ್ಲಿ ತೋರಿಸಿದ ಮೇಲೆ ಬೆಳೆದ ಶಾಖೆ ಇದು. ನಾನು ಜಿಂಕ್ ಆಕ್ಸೈಡ್ ಆರಿಸಿದ್ದಕ್ಕೆ ಮಾಡುವ ವಿಧಾನವೇ ಕಾರಣ. ಸೊಲ್ಯೂಷನ್ ಕಂಬಷನ್ ಎಂಬ ಈ ವಿಧಾನ ನಮ್ಮ ಬೆಂಗಳೂರಿನ ಐಐಎಸ್‌ಸಿಯದು. ಕಿಂಗ್ಸ್ಲಿ ಮತ್ತು ಪ್ರೊ. ಕೆ.ಸಿ. ಪಾಟೀಲ್ 1988ರಲ್ಲಿ ಪ್ರಕಟಿಸಿದರು. ಅಲ್ಯೂಮಿನಿಯಂ ನೈಟ್ರೇಟ್, ಯೂರಿಯಾ ಕಲಸಿ 500 ಡಿಗ್ರಿ ಫರ್ನೇಸಿಗೆ ಇಟ್ಟರೆ ತಾನೇ ಹೊತ್ತಿಕೊಂಡು, ನೊರೆ ಉಕ್ಕಿ, ಕೆಲವೇ ನಿಮಿಷದಲ್ಲಿ ಆಲ್ಫಾ ಅಲ್ಯೂಮಿನಾ. ಬೇರೆ ದಾರಿಯಲ್ಲಿ ಸಾವಿರ ಡಿಗ್ರಿ ದಾಟಬೇಕು. ಇಲ್ಲಿ ಆ ಶಾಖ ಜ್ವಾಲೆಯಿಂದಲೇ ಬರುತ್ತೆ. ಅಷ್ಟು ಗ್ಯಾಸು ಒಮ್ಮೆಲೇ ನುಗ್ಗಿ ಬರುವುದರಿಂದ ಪುಡಿ ತೂತುತೂತಾಗಿ, ಹಗುರವಾಗಿರುತ್ತೆ. ನಾನು ಜಿಂಕ್ ನೈಟ್ರೇಟ್, ಗ್ಲೈಸಿನ್ ಬಳಸಿದೆ. ಕಂದು ಹೊಗೆ ಬರಬಹುದು, ಫ್ಯೂಮ್ ಹುಡ್ ಇಲ್ಲದೆ ಮಾಡಬೇಡಿ.

ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಹಾಕಿದ್ದಾರೆ ಅಂದ ಮೇಲೆ ಬಿಸಿಲಿಗೇನು ಕೊರತೆ? ಆದರೆ ಜಿಂಕ್ ಆಕ್ಸೈಡಿಗೆ ಬೇಕಾದ ಯುವಿ (ನೇರಳಾತೀತ ಕಿರಣ) ಬಿಸಿಲಿನಲ್ಲಿ ಶೇ. 5ರ ಆಸುಪಾಸು ಮಾತ್ರ. ಪ್ರಯೋಗವೆಲ್ಲ ಕಾಲೇಜಿನ ಮಹಡಿ ಮೇಲೆ, ಹನ್ನೊಂದರಿಂದ ಎರಡು ಗಂಟೆಯೊಳಗೆ. ಮೊದಲು ಕತ್ತಲಲ್ಲಿ ಅರ್ಧ ಗಂಟೆ ಕಲಕಬೇಕು, ಪುಡಿ ಎಷ್ಟು ಬಣ್ಣ ಹಿಡಿಯುತ್ತೋ ಹಿಡಿದುಕೊಳ್ಳಲಿ. ಆಮೇಲೆ ಬಿಸಿಲು. ಪಕ್ಕದಲ್ಲಿ ಪುಡಿ ಇಲ್ಲದ ಬರೀ ಬಣ್ಣದ ಬೀಕರ್ ಇರಲೇಬೇಕು, ಯಾಕೆಂದರೆ ಮೆಥಿಲೀನ್ ಬ್ಲೂ ಬಿಸಿಲಿಗೆ ತಾನಾಗಿಯೇ ಮಾಸುತ್ತೆ. ಆವಿಯಾದ ನೀರನ್ನು ತೂಕ ನೋಡಿ ಮತ್ತೆ ತುಂಬಬೇಕು.

ಬಣ್ಣ ಹೋಯಿತು ಅಂದರೆ ನೀರು ಶುದ್ಧವಾಯಿತು ಅಂತಲ್ಲ. ಈ ಕ್ಷೇತ್ರದಲ್ಲಿ ನನಗೆ ತಕರಾರು ಇರುವುದೇ ಇಲ್ಲಿ. ಮೆಥಿಲೀನ್ ಬ್ಲೂಗೆ ಎಲೆಕ್ಟ್ರಾನ್ ಕೊಟ್ಟರೆ ಬಣ್ಣವಿಲ್ಲದ ರೂಪಕ್ಕೆ ತಿರುಗುತ್ತೆ. ಗಾಳಿ ತಾಗಿದರೆ ಮತ್ತೆ ನೀಲಿ. ಸೋಡಿಯಂ ಬೋರೋಹೈಡ್ರೈಡ್ ಜೊತೆ ಲೋಹದ ಪುಡಿ ಹಾಕಿ ಅಜೋ ಬಣ್ಣಗಳನ್ನು (ಎರಡು ನೈಟ್ರೋಜನ್ ಬೆಸೆದ ಬಂಧವಿರುವವು) ನಿಮಿಷಗಳಲ್ಲಿ 'ನಾಶ' ಮಾಡುವ ಲೇಖನಗಳು ಬೇಕಾದಷ್ಟಿವೆ. ಕಾಂಗೋ ರೆಡ್‌ನ ಅಜೋ ಬಂಧ ಹಾಗೆ ಮುರಿದರೆ ಬರುವುದು ಬೆನ್ಜಿಡಿನ್, ಕ್ಯಾನ್ಸರ್ ತರುವ ವಸ್ತು. ಬೀಕರಿನ ನೀರು ನೋಡಲು ಕುಡಿಯುವ ನೀರಿನಷ್ಟು ತಿಳಿ.

ಅದಕ್ಕೆ ಸಿಒಡಿ ಅಳೆಯುತ್ತೇನೆ, ಅಂದರೆ ನೀರಿನಲ್ಲಿರುವ ಸಾವಯವ ಕಲ್ಮಶವನ್ನು ಆಕ್ಸಿಡೈಸ್ ಮಾಡಲು ಎಷ್ಟು ಆಕ್ಸಿಜನ್ ಬೇಕು ಎನ್ನುವ ಅಳತೆ. ಡೈಕ್ರೋಮೇಟ್, ಸಲ್ಫ್ಯೂರಿಕ್ ಆಸಿಡ್ ಜೊತೆ 150 ಡಿಗ್ರಿಯಲ್ಲಿ ಎರಡು ಗಂಟೆ ಕುದಿಸಿ, ಉಳಿದ ಡೈಕ್ರೋಮೇಟ್ ಎಷ್ಟು ಎಂದು ಟೈಟ್ರೇಷನ್. ಹೊರಗೆ ಬಿಡುವ ನೀರಿಗೆ ಲೀಟರಿಗೆ 250 ಮಿಲಿಗ್ರಾಂ ಮಿತಿ. ನಮ್ಮ ಮಹಡಿಯ ಪ್ರಯೋಗಗಳಲ್ಲಿ ಬಣ್ಣ ಪೂರ್ತಿ ಹೋದಾಗಲೂ ಸಿಒಡಿ ಅದರ ಹಿಂದೆ ಎಷ್ಟೋ ದೂರ ಉಳಿದಿರುತ್ತಿತ್ತು. ಇನ್ನೂ ಗಂಟೆಗಟ್ಟಲೆ ಬಿಸಿಲು ಕೊಟ್ಟರೆ ನಿಧಾನಕ್ಕೆ ಇಳಿಯುತ್ತೆ. ಒಂದು ವಿಚಿತ್ರ ನೋಡಿ, ನೀರು ಶುದ್ಧವಾಯಿತಾ ಎಂದು ನೋಡುವ ಈ ಪರೀಕ್ಷೆಗೇ ಪಾದರಸದ ಲವಣ, ಕ್ರೋಮಿಯಂ, ಬೆಳ್ಳಿ ಎಲ್ಲ ಬೇಕು. ಆ ತ್ಯಾಜ್ಯವನ್ನು ಬೇರೆ ಬಾಟಲಿಯಲ್ಲಿ ಕೂಡಿಡುತ್ತೇವೆ, ಸಿಂಕಿಗೆ ಬಿಡುವಂತಿಲ್ಲ.

2025ರ ನೊಬೆಲ್ ಕಿಟಗಾವಾ, ರಾಬ್ಸನ್, ಯಾಘಿ ಅವರಿಗೆ ಲೋಹ ಮತ್ತು ಸಾವಯವ ಅಣುಗಳಿಂದ ಕಟ್ಟಿದ ತೂತುಗಳ ವಸ್ತುವಿಗೆ ಬಂದ ಮೇಲೆ ಮಕ್ಕಳೆಲ್ಲ 'ಮೇಡಂ, ಎಂಓಎಫ್ ಮಾಡೋಣ' ಎನ್ನುತ್ತಿದ್ದಾರೆ. ಮಾಡೋಣ, ಕಲಿಯಲು ತುಂಬಾ ಇದೆ. ಆದರೆ ಮೊದಲು ಹೆಸರು ಮಾಡಿದ ಎಂಓಎಫ್-5 ಗಾಳಿಯ ತೇವಕ್ಕೇ ಕುಸಿಯುತ್ತೆ. ನೀರಿನಲ್ಲಿ ತಾಳುವಂಥವೂ ಇವೆ, ಬೆಲೆ ಜಾಸ್ತಿ. ಶೆಡ್ಡಿನ ಡ್ರಮ್ಮಿಗೆ ಅದನ್ನು ಸುರಿಯುವ ಕಾಲ ದೂರ ಇದೆ.

ಹೊಸಕೋಟೆಯ ಆ ಚಿಕ್ಕಪ್ಪ ಕೇಳಿದ್ದು ಬೇರೆಯೇ ಪ್ರಶ್ನೆ. 'ಅದೆಲ್ಲಾ ಸರಿ ಮೇಡಂ, ಬಣ್ಣ ಕುಡಿದ ಪುಡಿನ ಆಮೇಲೆ ಎಲ್ಲಿಗೆ ಹಾಕ್ಲಿ?' ಸದ್ಯಕ್ಕೆ ನಾವೇ ವಾಪಸ್ ತರುತ್ತೇವೆ. ಆ ಹೈಡ್ರೋಟಾಲ್ಸೈಟ್ ಪುಡಿಯನ್ನು ಮತ್ತೆ 450 ಡಿಗ್ರಿಗೆ ಸುಟ್ಟರೆ ಬಣ್ಣ ಉರಿದುಹೋಗಿ ಆಕ್ಸೈಡ್ ಪುಡಿ ಮರಳಿ ಬರುತ್ತೆ. ಪ್ರತಿ ಸಲವೂ ಸಾಮರ್ಥ್ಯ ಸ್ವಲ್ಪ ಸ್ವಲ್ಪ ಕಡಿಮೆ. ಬಣ್ಣದಲ್ಲಿದ್ದ ಗಂಧಕದ ಒಂದಷ್ಟು ಭಾಗ ಸಲ್ಫೇಟಾಗಿ ಅಲ್ಲೇ ಉಳಿಯುತ್ತೆ.

ಪುಡಿ ನೀರಿನಲ್ಲಿ ಬೇಗ ಕೂರುವುದಿಲ್ಲ, ಕಾಲಮ್‌ಗೆ ತುಂಬಿದರೆ ನೀರೇ ಇಳಿಯಲ್ಲ. ಅದಕ್ಕೆ ಸೋಡಿಯಂ ಆಲ್ಜಿನೇಟ್ (ಕಡಲಪಾಚಿಯಿಂದ ತೆಗೆಯುವ ಅಂಟು) ಜೊತೆ ಕಲಸಿ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ಹನಿ ಬಿಟ್ಟು ಮಣಿಗಳಾಗಿ ಮಾಡುತ್ತಿದ್ದೇವೆ. ಮಣಿಗಳಲ್ಲಿ ಬಣ್ಣ ಒಳಗೆ ಹೋಗುವುದು ನಿಧಾನ, ಆದರೆ ನೀರು ಸರಾಗವಾಗಿ ಹರಿಯುತ್ತೆ. ಮಣಿಗಳನ್ನು ಸುಡುವಂತಿಲ್ಲ, ಆಲ್ಜಿನೇಟೇ ಉರಿದುಹೋಗುತ್ತೆ. ಉಪ್ಪುನೀರಿನಲ್ಲಿ ತೊಳೆದು ಬಣ್ಣ ಎಷ್ಟು ಬಿಡುತ್ತೆ ಎಂದು ನೋಡುತ್ತಿದ್ದೇವೆ. ಇನ್ನು ಖರ್ಚು. ಮೆಗ್ನೀಸಿಯಂ ನೈಟ್ರೇಟ್ ಕೆಜಿಗಟ್ಟಲೆ ಕೊಳ್ಳಲು ಆಗಲ್ಲ. ಅಲ್ಯೂಮಿನಿಯಂಗೆ ಪಟಿಕ ಅಗ್ಗ, ಅಂಗಡಿಯಲ್ಲೇ ಸಿಗುತ್ತೆ, ಆದರೆ ಅದರ ಸಲ್ಫೇಟ್ ಪದರದೊಳಗೆ ಮೊದಲೇ ಜಾಗ ಹಿಡಿಯುತ್ತೆ. ಹಾಗಾಗಿ ಈಗ ಮೆಗ್ನೀಸಿಯಂ, ಅಲ್ಯೂಮಿನಿಯಂ ಎರಡನ್ನೂ ಕ್ಲೋರೈಡ್ ರೂಪದಲ್ಲಿ ತಗೊಂಡು ಮಾಡಿ ನೋಡುತ್ತಿದ್ದೇನೆ. ತೊಳೆಯಲು ನೀರು ಮಾತ್ರ ಜಾಸ್ತಿ ಬೇಕಾಗುತ್ತಿದೆ.